ನಾಲ್ಕನೇ ದಾರಿಯ ಮೂಲೆ

ಐದನೆಯವಳು ಹೋದಳು, ಬೀಟ್ರಿಸ್, ಬೆನ್ನ ಮೇಲೆ ಕುತ್ತಿಗೆಯವರೆಗೂ ಕೆಸರಿನ ಗೆರೆ, ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಹಾಕಿಸಿಕೋ ಎಂದು ಎಷ್ಟು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ, ಕೇಳಿದರೆ ತಾನೇ, ಬಸ್ಸು ಎಷ್ಟೊತ್ತಿಗೆ ಮಾರ್ಜ್ ಎಂದು ಕೂಗಿ ಎಡಕ್ಕೆ ವಾಲಿಕೊಂಡು ಹೋಗಿಯೇಬಿಟ್ಟಳು — ಮೂಲೆಯಲ್ಲಿ ನಿಂತವರನ್ನು ಕಂಡರೆ ನಮ್ಮ ಸೈಕಲ್ ಕ್ಲಬ್ಬಿನವರಿಗೆ ಹೊಳೆಯುವ ಜೋಕು ಇದೊಂದೇ, ಮೂವತ್ತು ವರ್ಷದಿಂದ ಇದೇ, ಮಾರ್ಲ್‌ಕೂಮ್‌ಗೆ ಬರುತ್ತಿದ್ದ ಬಸ್ಸು ನಿಂತು ಒಂಬತ್ತು ವರ್ಷವಾಯಿತು, ಜೋಕು ಮಾತ್ರ ನಿಂತಿಲ್ಲ. ಐದು. ಡಂಕನ್ ಮುಂದಾಳು, ಅವನ ಹಿಂದೆ ನಾನು, ನನ್ನ ಹಿಂದೆ ಹತ್ತು ಜನ, ಐದು ದಾಟಿತು, ಇನ್ನು ಐದು. ಪಾಪ ಡಂಕನ್, ತಿರುವು ಬಂದದ್ದೇ ಅಭ್ಯಾಸಬಲದಿಂದ ನೆಲಕ್ಕೆ ಬೆರಳು ತೋರಿಸಿಬಿಟ್ಟ, ತಿರುಗಿ ನೋಡಿದರೆ ಹಿಂದಿರುವವಳು ನಾನು, ಮುಖ ಸುಣ್ಣದ ಹಾಗಾಯಿತು, ಅಯ್ಯೋ ನೀನು ಬೇಡ ಮಾರ್ಜ್, ನೀನು ಬಾ, ಬೇರೆಯವರು ಯಾರಾದ್ರೂ ನಿಲ್ತಾರೆ, ಅಂದ, ನಾನು ಆಗಲೇ ಕಾಲು ಕೆಳಗಿಟ್ಟಿದ್ದೆ, ನಿಲ್ತೀನಿ ಹೋಗೋ, ನಿನ್ನ ಕೆಲಸ ನೋಡು, ಎಂದೆ. ಬೆರಳು ತೋರಿಸಿದ ಮೇಲೆ ಮುಗಿಯಿತು. ಮುಂದಾಳು ತಿರುವಿನಲ್ಲಿ ನೆಲ ತೋರಿಸಿದರೆ ಅವನ ಬೆನ್ನಿಗಿರುವವರು ಅಲ್ಲಿಯೇ ಇಳಿದು ನಿಲ್ಲಬೇಕು, ಹಿಂದೆ ಬಂದವರಿಗೆಲ್ಲ ದಾರಿ ತೋರಿಸಬೇಕು, ಎಲ್ಲರಿಗಿಂತ ಹಿಂದೆ ಹಳದಿ ಪಟ್ಟಿ ತೊಟ್ಟು ಬರುವ ಬಾಲದವರು ಹತ್ತಿರ ಬಂದು ಕೈ ಎತ್ತುವವರೆಗೂ ಅಲುಗಾಡಬಾರದು — ಆಲಿಕಲ್ಲು ಬೀಳಲಿ, ಎತ್ತು ಅಟ್ಟಿಸಿಕೊಂಡು ಬರಲಿ, ಉಚ್ಚೆ ಕಟ್ಟಿಕೊಂಡು ಹೊಟ್ಟೆ ನೋಯಲಿ. ಕೈ ಎತ್ತಿದರೆ ಮಾತ್ರ ಬಿಡುಗಡೆ. ಇದನ್ನು ಬರೆದಿಟ್ಟವರು ಯಾರೂ ಇಲ್ಲ, ಮುರಿದವರೂ ಯಾರೂ ಇಲ್ಲ ಎಂದು ಎಲ್ಲರೂ ನಂಬಿದ್ದಾರೆ.

ಆರು, ಏಳು, ಜೋಡಿಯಾಗಿ, ಗಂಡ ಹೆಂಡತಿ, ಸೈಕಲ್ಲಿನ ಮೇಲೂ ಜಗಳ, ನಾನು ಹೇಳ್ಲಿಲ್ವಾ ಗೇರ್ ಇಳಿಸು ಅಂತ, ಹೇಳಿದ್ದು ಏರು ಮುಗಿದ ಮೇಲೆ ಕಣಯ್ಯ, ಹಲೋ ಮಾರ್ಜ್ — ಎಡಕ್ಕೆ, ಎಡಕ್ಕೆ, ಎಂದು ತೋಳು ಚಾಚುತ್ತೇನೆ, ತೋಳು ತನ್ನಷ್ಟಕ್ಕೆ ಚಾಚುತ್ತದೆ. ಮೇ ತಿಂಗಳ ಕೊನೆ, ಬೇಲಿಯ ಮುಳ್ಳುಗಿಡವೆಲ್ಲ ಬೆಳ್ಳಗೆ ಹೂ ಬಿಟ್ಟಿದೆ, ವಾಸನೆ ಚೆನ್ನಾಗಿದೆ ಎನ್ನುತ್ತಾರೆ, ನನಗೆ ಹಸಿ ಬಾದಾಮಿಯ ಜೊತೆ ಇನ್ನೇನೋ ಕೊಳೆತ ಹಾಗೆ, ನಮ್ಮಮ್ಮ ಈ ಹೂವನ್ನು ಮನೆಯೊಳಗೆ ತರಲು ಬಿಡುತ್ತಿರಲಿಲ್ಲ, ತಂದರೆ ಸಾವು ತಂದ ಹಾಗೆ ಎನ್ನುತ್ತಿದ್ದಳು, ಹೇಜಲ್ ತರುತ್ತಿದ್ದಳು, ನನ್ನ ತಂಗಿ, ಬೇಡ ಎಂದದ್ದನ್ನೇ ತರುವವಳು. ಗಾಳಿ ತೆಂಕಣದ ಕಡೆಯಿಂದ, ಅದಕ್ಕೇ ಕೆಳಗಿನ ಹಳ್ಳದ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ, ಕೇಳಬಾರದು ಎಂದುಕೊಂಡರೆ ಇನ್ನೂ ಕೇಳುತ್ತದೆ. ಈ ಕೈಮರ ನೋಡು, ಹಾಳಾದದ್ದು, ಎರಡು ತೋಳಿನ ಮೇಲೂ ಮಾರ್ಲ್‌ಕೂಮ್ ಎಂದೇ ಬರೆದಿದೆ, ಎಡಕ್ಕೆ ಮೂರೂವರೆ ಮೈಲಿ, ನೇರಕ್ಕೆ ಎರಡು ಮೈಲಿ, ಗೊತ್ತಿಲ್ಲದವರು ಯಾರಾದರೂ ಎರಡನ್ನೇ ಹಿಡಿಯುತ್ತಾರೆ, ನಾನಾದರೂ ಹಿಡಿಯುತ್ತಿದ್ದೆ. ನೇರ ಹೋದರೆ ಪಾದ್ರಿಯ ಜಾರು — ಯಾವನೋ ಪಾದ್ರಿ ಗಾಡಿ ಸಮೇತ ಜಾರಿ ಹಳ್ಳ ಸೇರಿದನಂತೆ, ಅದಕ್ಕೆ ಆ ಹೆಸರು, ನಗುತ್ತ ಹೇಳುತ್ತಿದ್ದೆವು ಹೊಸಬರಿಗೆ — ಮೊದಲು ಮೆಲ್ಲಗೆ ಇಳಿಯುತ್ತದೆ, ಬೇಲಿ ಎತ್ತರ, ತಿರುವಿನ ಆಚೆ ಏನಿದೆ ಕಾಣುವುದಿಲ್ಲ, ತಿರುಗಿದ ಮೇಲೆ ಬ್ರೇಕು ಹಿಡಿದರೂ ಒಂದೇ ಬಿಟ್ಟರೂ ಒಂದೇ, ರಸ್ತೆಯೇ ಹಳ್ಳದೊಳಕ್ಕೆ ಇಳಿದು ಆಚೆ ದಡದಲ್ಲಿ ಏಳುತ್ತದೆ, ನೀರಿನ ಅಡಿಯ ಕಲ್ಲು ಪಾಚಿಗಟ್ಟಿ ಸಾಬೂನಿನ ಹಾಗೆ. ಇದೇ ಕಾರಣಕ್ಕೆ ಈ ಮೂಲೆಗೆ ಜನ ಬೇಕು, ಇಪ್ಪತ್ತಾರು ಮೈಲಿಯ ಸುತ್ತಿನಲ್ಲಿ ಬೇರೆಲ್ಲಿ ಇಲ್ಲದಿದ್ದರೂ ಇಲ್ಲಿ ಬೇಕು. ಮಾರ್ಲ್‌ಕೂಮ್ ಸುತ್ತಿನ ಆರು ಸೈಕಲ್ ದಾರಿಗಳು ಎಂಬ ಆ ತೆಳು ಪುಸ್ತಕ ನಾನೇ ಬರೆದದ್ದು, ಅಂಗಡಿಯಲ್ಲೂ ಚರ್ಚಿನ ಬಾಗಿಲಲ್ಲೂ ಇಡುತ್ತಾರೆ, ಒಂದರಿಂದ ಮೂರು, ಆಮೇಲೆ ಐದು, ಆರು — ನಾಲ್ಕಿಲ್ಲ, ಈ ಮೂಲೆಯ ದಾರಿಯೇ ನಾಲ್ಕು, ಹನ್ನೊಂದು ವರ್ಷದಿಂದ ಅದು ಇಲ್ಲ, ಪ್ರವಾಸಕ್ಕೆ ಬಂದವರು ಅಂಗಡಿಯಲ್ಲಿ ಕೇಳುತ್ತಾರಂತೆ, ಏನಮ್ಮ ಪುಟ ಬಿಟ್ಟುಹೋಗಿದೆಯಾ. ಈಗ ಹೊಸ ಮುದ್ರಣಕ್ಕೆ ಟ್ಯಾಮ್ಸಿನ್ ಹಟ ಹಿಡಿದಿದ್ದಾಳೆ, ಹೇಜಲ್‌ಳ ಮಗಳು, ನಮ್ಮೂರಿಗೇ ಬಂದು ನೆಲೆಸಿ ಕ್ಲಬ್ಬಿನ ಕಾರ್ಯದರ್ಶಿಯೂ ಆಗಿದ್ದಾಳೆ, ನಾಲ್ಕು ವಾಪಸು ಬರ್ಬೇಕು ಆಂಟಿ, ಜನ ಫೋನು ನೋಡ್ಕೊಂಡು ನೇರ ಹಳ್ಳಕ್ಕೆ ಇಳೀತಿದ್ದಾರೆ, ಮುಚ್ಚಿಟ್ರೆ ಅಪಾಯ ಹೋಗಲ್ಲ, ಎಂದಳು, ಸರಿ ಎಂದೆ. ಅಷ್ಟಕ್ಕೇ ಮುಗಿದಿದ್ದರೆ ಆಗಿತ್ತು. ಈ ಮೂಲೆಯ ವಿವರ ಬರುವ ಕಡೆ ಒಂದು ಸಾಲು ದಪ್ಪ ಅಕ್ಷರದಲ್ಲಿ ಹಾಕಬೇಕಂತೆ, ಬಾಲದವರು ಕೊನೆಯ ಸವಾರರನ್ನು ಯಾವ ಕಾರಣಕ್ಕೂ ಬಿಟ್ಟು ಮುಂದೆ ಹೋಗಬಾರದು, ಹೇಜಲ್ ನೆನಪಿಗೆ. ನೀನೇ ಬರಿ ಆಂಟಿ, ನಿನ್ನ ಭಾಷೆ ಚೆನ್ನಾಗಿದೆ. ಮಂಗಳವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಆ ಸಲ ಬಾಲದವನಾಗಿದ್ದ ಲಯನೆಲ್ ಹಾಸ್ಕಿನ್ಸ್‌ನನ್ನು ಮೊನ್ನೆ ಗುರುವಾರ ಮಣ್ಣು ಮಾಡಿದೆವು.

ಎಂಟು. ಯಾರು ಇವರು, ಹೆಲ್ಮೆಟ್ಟಿನ ಕೆಳಗೆ ಎಲ್ಲರೂ ಒಂದೇ ಹಾಗೆ, ಓ ಪೋಸ್ಟಾಫೀಸಿನ ವಿನ್ಸೆಂಟ್, ಬಸ್ಸು ಎಷ್ಟೊತ್ತಿಗೆ, ಹೋಗು ಮಾರಾಯ ಸಾಕು. ಹಿಂದೆ ಇಬ್ಬರು ಉಳಿದರು ಮಾರ್ಜ್, ಆ ಹೊಸಬ ಹಲ್ಲಿನ ಡಾಕ್ಟರದು ಚೈನು ಕಳಚ್ಕೊಂಡಿದೆ, ಟ್ಯಾಮ್ಸಿನ್ ಹಾಕಿಕೊಡ್ತಿದ್ದಾಳೆ, ಲೇಟಾಗುತ್ತೆ. ಲೇಟಾಗುತ್ತದೆ. ಇದೇ ಮಾತು, ಹನ್ನೊಂದು ವರ್ಷದ ಹಿಂದೆ ಆ ದಿನವೂ ಯಾರೋ ಹೀಗೆಯೇ ಕೂಗಿದರು, ಹಿಂದೆ ಇಬ್ಬರಿದ್ದಾರೆ ಮಾರ್ಜ್, ನಿನ್ನ ತಂಗಿ ಮತ್ತೆ ಲಯನೆಲ್, ನಿನ್ನ ತಂಗಿ ಹೂವು ನೋಡ್ತಾ ನಿಂತಿದ್ದಾಳೆ, ಲೇಟಾಗುತ್ತೆ — ಹೂವು ನೋಡುತ್ತ, ಮಳೆಯಲ್ಲಿ, ಅಕ್ಟೋಬರಿನಲ್ಲಿ ಬೇಲಿಯಲ್ಲಿ ಯಾವ ಹೂವಮ್ಮಾ, ಕಾಯಿ ಇರಬೇಕು, ಕರಿ ನೀಲಿ ಕಾಯಿ, ಜಿನ್ನಿನಲ್ಲಿ ನೆನೆಹಾಕುವುದಕ್ಕೆ, ಜೇಬು ತುಂಬಿಕೊಳ್ಳುತ್ತಿದ್ದಳು, ಆಮೇಲೆ ಸಿಕ್ಕಿದವಲ್ಲ ಜೇಬಿನಲ್ಲಿ, ಒಂದೂ ಒಡೆದಿರಲಿಲ್ಲ. ಎರಡು ದಿನದಿಂದ ಸುರಿದ ಮಳೆ ಬೆಳಿಗ್ಗೆ ಬಿಡುವು ಕೊಟ್ಟಿತ್ತು, ಊರ ಬಯಲಿನಲ್ಲಿ ಒಂಬತ್ತಕ್ಕೆ ಹೊರಡುವುದು ಎಂದರೆ ಒಂಬತ್ತಕ್ಕೆ, ಎಲ್ಲರೂ ಸೈಕಲ್ ಹಿಡಿದು ನಿಂತಿದ್ದಾರೆ, ಹೇಜಲ್ ಇಲ್ಲ, ನಾನು ಕರೆಸಿಕೊಂಡವಳು, ನನ್ನ ಮನೆಯಲ್ಲೇ ಇಳಿದುಕೊಂಡವಳು, ಮಫ್ಲರ್ ಹುಡುಕುತ್ತಿದ್ದಾಳಂತೆ, ಒಂಬತ್ತು ಇಪ್ಪತ್ತಕ್ಕೆ ನಗುತ್ತ ಬಂದಳು, ಎಲ್ಲರಿಗೂ ಒಂದೊಂದು ಪೆಪ್ಪರ್‌ಮಿಂಟು ಹಂಚಿದಳು, ಎಲ್ಲರೂ ನಕ್ಕರು, ಕ್ಷಮಿಸಿಯೂಬಿಟ್ಟರು, ಮುಖ ಊದಿಸಿಕೊಂಡವಳು ನಾನೊಬ್ಬಳೇ, ಕೆಟ್ಟವಳೂ ನಾನೊಬ್ಬಳೇ. ಇಡೀ ಜೀವಮಾನ ಹೀಗೆಯೇ. ಶಾಲೆಯ ಗೇಟಿನಲ್ಲಿ ಕಾದಿದ್ದೇನೆ, ರೈಲ್ವೆ ಸ್ಟೇಷನ್ನಿನಲ್ಲಿ ಕಾದಿದ್ದೇನೆ, ನನ್ನ ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಬಿಳಿ ಬಟ್ಟೆ ಉಟ್ಟುಕೊಂಡು ಅವಳಿಗಾಗಿ ಕಾದಿದ್ದೇನೆ, ಅಮ್ಮ ಕೊನೆಯುಸಿರು ಎಳೆಯುವಾಗ ಹೇಜಲ್ ಬಂದಳಾ ಎಂದು ಕೇಳುತ್ತಲೇ ಕಣ್ಣು ಮುಚ್ಚಿದಳು, ನಾನು ಆರು ತಿಂಗಳಿಂದ ಮಂಚದ ಪಕ್ಕದಲ್ಲೇ ಇದ್ದೆನಲ್ಲ, ನನ್ನ ಹೆಸರು ಬರಲಿಲ್ಲ ಬಾಯಲ್ಲಿ. ಆ ದಿನ ದಾರಿಯಲ್ಲಿ ಹೇಳಿದೆ, ಹುಟ್ಟಿದಾಗಿಂದ ನಿನ್ನನ್ನ ಕಾಯೋದೇ ಆಯ್ತು ನನ್ನ ಬಾಳು, ಅವಳು ನಕ್ಕು, ಅದಕ್ಕೇ ತಾನೆ ನಂಗೆ ಭಯಾನೇ ಇಲ್ಲ ಮಾರ್ಜ್, ಎಲ್ಲೋದ್ರೂ ನೀನು ನಿಂತಿರ್ತೀಯಲ್ಲ, ಎಂದಳು. ಹಾಗೆಂದಳು. ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡು.

ಮತ್ತೆ ಮಳೆ ಹನಿಯಿತು, ಡಂಕನ್ ಬೆರಳು ತೋರಿಸಿದ, ನಾನು ನಿಂತೆ, ಇಲ್ಲೇ, ಈ ಕೈಮರದ ಬುಡದಲ್ಲಿ, ಇದೇ ಹುಲ್ಲು, ಏಳು ಜನ ದಾಟಿದರು, ಆಮೇಲೆ ಯಾರೂ ಇಲ್ಲ, ಟೊಪ್ಪಿಗೆಯಿಂದ ನೀರು ಕೊರಳಿಗೆ ಇಳಿಯುತ್ತಿದೆ, ಎರಡು ನಿಮಿಷ, ಮೂರು ನಿಮಿಷ, ಒಂದೂವರೆ ಮೈಲಿಯಾಚೆ ಪ್ಲಂಕೆಟ್ ಅವರ ಫಾರ್ಮಿನಲ್ಲಿ ಬಿಸಿ ಟೀ ಬಗ್ಗಿಸುತ್ತಿರುತ್ತಾರೆ, ಒಲೆಯ ಪಕ್ಕದ ಕುರ್ಚಿ ಯಾರಾದರೂ ಹಿಡಿದಿರುತ್ತಾರೆ, ನಾನು ಇಲ್ಲಿ ಇವಳು ಕಾಯಿ ಬಿಡಿಸಿ ಮುಗಿಸಲಿ ಎಂದು — ಎಲ್ಲೋದ್ರೂ ನೀನು ನಿಂತಿರ್ತೀಯಲ್ಲ — ಒಂದು ಸಲ ನಿಂತಿರದಿದ್ದರೆ ಏನು ಮಾಡುತ್ತಾಳೆ ನೋಡೋಣ, ಒಂದೇ ಒಂದು ಸಲ ಅವಳು ಬಂದು ನಾನು ಇಲ್ಲದೆ ಇರಲಿ, ಬುದ್ಧಿ ಬರಲಿ, ಹೇಗೂ ಲಯನೆಲ್ ಜೊತೆಗಿದ್ದಾನೆ, ಬಾಲದವನು, ನಲವತ್ತು ವರ್ಷದಿಂದ ಈ ದಾರಿ ತುಳಿದವನು, ಕರೆದುಕೊಂಡು ಬರುತ್ತಾನೆ, ಅಪಾಯವೇನಿಲ್ಲ. ಅಪಾಯವೇನಿಲ್ಲ ಎಂದು ಲೆಕ್ಕ ಹಾಕಿಯೇ ಹೊರಟೆ, ಅಷ್ಟು ಬುದ್ಧಿ ಕೆಲಸ ಮಾಡುತ್ತಿತ್ತು. ಪೆಡಲು ತುಳಿಯುವಾಗ ಮನಸ್ಸಿಗೆ ಎಷ್ಟು ಖುಷಿಯಾಯಿತು ಎಂದರೆ — ಇದನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ ಇಷ್ಟು ದಿನ — ಶಾಲೆ ತಪ್ಪಿಸಿಕೊಂಡು ಓಡುವ ಹುಡುಗಿಯ ಖುಷಿ, ಮಳೆಯೂ ಹಿತವಾಗಿತ್ತು, ಹಾಡು ಗುನುಗುತ್ತಿದ್ದೆ. ಒಲೆಯ ಪಕ್ಕದ ಕುರ್ಚಿಯೇ ಸಿಕ್ಕಿತು. ಹಣ್ಣಿನ ಕೇಕು ತಿಂದೆ, ಎರಡನೇ ಲೋಟ ಟೀ ಕೈಯಲ್ಲಿತ್ತು, ಬಾಗಿಲು ತೆರೆದು ಲಯನೆಲ್ ಬಂದ, ಮೈಯೆಲ್ಲ ನೀರು ಇಳಿಯುತ್ತಿದೆ, ಕಣ್ಣು ನನ್ನನ್ನೇ ಹುಡುಕಿತು, ಓ, ಇಲ್ಲಿದ್ದೀಯಾ, ಸದ್ಯ, ಎಂದು ಉಸಿರುಬಿಟ್ಟ, ಎಲ್ಲೋ ಬಿದ್ಯೇನೋ ಅಂತ ಹೆದರಿಬಿಟ್ಟಿದ್ದೆ. ಸುತ್ತ ಎಲ್ಲರೂ ಮಳೆಯಂಗಿ ಒದರುವುದರಲ್ಲಿ, ಸ್ಕೋನಿಗೆ ಜಾಮ್ ಸವರುವುದರಲ್ಲಿ, ಯಾರ ಕಿವಿಗೂ ಅದು ಬೀಳಲಿಲ್ಲ. ಹೇಜಲ್ ಎಲ್ಲಿ, ಎಂದೆ ನಾನು. ಹೇಜಲ್ ಎಲ್ಲಿ, ಎಂದ ಅವನೂ, ಇಬ್ಬರೂ ಒಟ್ಟಿಗೇ ಕೇಳಿದೆವು.

ಒಂಬತ್ತು — ಅಲ್ಲ, ಯಾರೋ ರೈತ, ಟ್ರ್ಯಾಕ್ಟರು, ಟೊಪ್ಪಿ ಮುಟ್ಟಿಕೊಂಡು ಹೋದ. ಇನ್ನೂ ಇಬ್ಬರು ಬರಬೇಕು. ಎಷ್ಟು ಹೊತ್ತಾಯಿತು, ಗಡಿಯಾರ ನೋಡಬಾರದು, ನೋಡಿದೆ, ಆರು ನಿಮಿಷ, ಆ ದಿನ ನಾನು ನಿಂತದ್ದಕ್ಕಿಂತ ಹೆಚ್ಚು. ಮೊಣಕಾಲು ನೋಯುತ್ತಿದೆ, ಎಪ್ಪತ್ತಮೂರಾಯಿತು. ಮೇಲೆ ಆಕಾಶದಲ್ಲಿ ಎಲ್ಲೋ ಬಾನಾಡಿ ಒಂದೇ ಸಮನೆ ಬಡಬಡಿಸುತ್ತಿದೆ, ಕುರಿಗಳು ಗುಡ್ಡದ ಓರೆಗೆ ಅಂಟಿಕೊಂಡು ಮೇಯುತ್ತಿವೆ, ಏನೂ ಆಗದ ಹಾಗೆ ಗುಡ್ಡದ ಮೇಲೆ ಗುಡ್ಡ, ಹಸಿರು, ಇಷ್ಟು ಚಂದದ ಜಾಗ, ಪುಸ್ತಕದಲ್ಲಿ ನಾನೇ ಬರೆದಿದ್ದೆ, ಇಲ್ಲಿ ಒಂದು ನಿಮಿಷ ನಿಂತು ನೋಡಿ ಎಂದು. ಹಳ್ಳದಲ್ಲಿ ಸಿಕ್ಕ ಹೇಜಲ್‌ಳ ಸಾವಿನ ವಿಚಾರಣೆ ಪಟ್ಟಣದಲ್ಲಿ ನಡೆಯಿತು, ಮರದ ಬೆಂಚು, ಮೇಣದ ವಾಸನೆ, ವಿಚಾರಣಾಧಿಕಾರಿ ಸೌಮ್ಯವಾದ ಮನುಷ್ಯ, ನೀವು ಮೂಲೆಯಲ್ಲಿ ಎಲ್ಲಿಯವರೆಗೆ ನಿಂತಿದ್ದಿರಿ ಅಮ್ಮ, ಎಂದು ಕೇಳಿದರು, ಬಾಲದವರು ಬರೋವರೆಗೂ, ಎಂದೆ, ಬಾಯಿಂದ ಅದು ಹೇಗೆ ಬಂತೋ, ಯೋಚಿಸಿದ್ದೇನೂ ಅಲ್ಲ, ಎಲ್ಲರೂ ಹೇಳುವ ಮಾತು ಅದೇ ಆದ್ದರಿಂದ ಅದೇ ಬಂತು, ಬಂದ ಮೇಲೆ ವಾಪಸು ಹೋಗಲಿಲ್ಲ, ಎದುರಿಗೆ ಟ್ಯಾಮ್ಸಿನ್ ಕೂತಿದ್ದಳು, ಕರವಸ್ತ್ರ ಹಿಂಡುತ್ತ. ಆಮೇಲೆ ಲಯನೆಲ್ ಎದ್ದ. ನೀವು ಶ್ರೀಮತಿ ಹೇಜಲ್ ಅವರನ್ನು ಹಿಂದೆ ಬಿಟ್ಟು ಬಂದಿರಾ, ಹೌದು ಸ್ವಾಮಿ, ಕಾಯಿ ಬಿಡಿಸ್ತಾ ಇದ್ರು, ನೀವು ಹೋಗಿ ನಮ್ಮಕ್ಕ ಮೂಲೆಯಲ್ಲಿ ಇರ್ತಾಳೆ ಅಂದ್ರು, ಚಳಿ ಇತ್ತು, ಹೊರಟುಬಿಟ್ಟೆ, ಬಿಡಬಾರದಿತ್ತು, ಅದು ನಂದೇ ತಪ್ಪು. ನೀವು ಬಂದಾಗ ಮೂಲೆಯಲ್ಲಿ ಜನ ಇದ್ದರೇ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಇದ್ರು ಸ್ವಾಮಿ, ಎಂದ. ನಾನು ಕೈ ಎತ್ತಿದೆ, ಅವರು ಹೊರಟ್ರು, ಎಂದೂ ಸೇರಿಸಿದ. ಅಷ್ಟೇ. ಮುಗಿಯಿತು. ಊರಿಗೆ ಊರೇ ಅವನ ಮೇಲೆ ಗೂಬೆ ಕೂರಿಸಿತು, ನಾನೂ ಸುಮ್ಮನಿದ್ದು ಕೈಜೋಡಿಸಿದೆ, ಹಬ್ಬಕ್ಕೆ ಕರೆಯುವವರು ಬಿಟ್ಟರು, ಪಬ್ಬಿನಲ್ಲಿ ಅವನ ಮೇಜಿಗೆ ಯಾರೂ ಕೂರುತ್ತಿರಲಿಲ್ಲ, ಹಳದಿ ಪಟ್ಟಿ ಒಗೆದು ಇಸ್ತ್ರಿ ಮಾಡಿ ಡಂಕನ್ ಕೈಗೆ ಕೊಟ್ಟು ಹೋದವನು ಮತ್ತೆ ಸೈಕಲ್ ಹತ್ತಲಿಲ್ಲ. ಬಾಯಿ ಬಿಡಬೇಕಾದವಳು ನಾನು, ನುಂಗಲೂ ಆಗದೆ ಉಗುಳಲೂ ಆಗದೆ ಹನ್ನೊಂದು ವರ್ಷ ಪುಸ್ತಕ ತಿದ್ದುತ್ತ ಕೂತೆ.

ಒಂದು ಸಲ, ಒಂದೇ ಸಲ, ಅವನ ಗೇಟಿಗೆ ಹೋದೆ, ಹುರುಳಿಕಾಯಿ ಬಳ್ಳಿಗೆ ಕೋಲು ನೆಡುತ್ತಿದ್ದ, ಲಯನೆಲ್ ನಾನು ಹೇಳಿಬಿಡ್ತೀನಿ, ಎಂದೆ, ಅವನು ಹುರಿ ಕಟ್ಟುತ್ತಲೇ, ಯಾರಿಗೆ ಒಳ್ಳೇದಾಗುತ್ತೆ ಅದರಿಂದ, ನಿಂಗೆ ತಂಗಿ ಹೋದಳು, ಆ ಹುಡುಗಿಗೆ ತಾಯಿ ಹೋದಳು, ಇನ್ನು ದೊಡ್ಡಮ್ಮನೂ ಹೋಗ್ಬೇಕಾ, ನಂಗೇನು, ಭಾನುವಾರದ ಸವಾರಿ ಹೋಯ್ತು ಅಷ್ಟೆ, ಎಂದ. ನಾನೂ ಬಿಟ್ಟು ಬಂದೆನಲ್ಲ ಮಾರ್ಜ್, ಮೂಲೆ ಖಾಲಿ ಇದ್ದದ್ದು ನೋಡಿ ಅಲ್ಲೇ ನಿಂತಿದ್ದಿದ್ರೆ ಆಗಿತ್ತು, ನಿನ್ನ ಹುಡುಕ್ಕೊಂಡು ಮುಂದೆ ಹೋದೆ, ಅಷ್ಟರಲ್ಲಿ ಅವಳು ಬಂದಿರ್ಬೇಕು. ನನ್ನನ್ನು ಹುಡುಕಿಕೊಂಡು. ನಾನು ಹಾಡು ಗುನುಗುತ್ತ ಹೋದ ದಾರಿಯಲ್ಲಿ ಅವನು ಎರಡೂ ಕಡೆಯ ಚರಂಡಿ ಇಣುಕುತ್ತ ಬಂದ. ಆಮೇಲೆ ಮಾತಿಲ್ಲ, ಆದರೆ ಎದುರಾದಾಗಲೆಲ್ಲ, ಅಂಗಡಿಯ ಮುಂದೆ, ಚರ್ಚಿನ ಮೆಟ್ಟಿಲ ಮೇಲೆ, ಔಷಧಿ ಸಾಲಿನಲ್ಲಿ, ಅವನು ಬಲಗೈ ಎತ್ತುತ್ತಿದ್ದ, ಅಂಗೈ ನನ್ನ ಕಡೆಗೆ, ಮೂಲೆ ನಿಂತವರನ್ನು ಬಿಡಿಸುವಾಗ ಎತ್ತುವ ಹಾಗೆಯೇ, ಸಾಕು, ನೀನಿನ್ನು ಹೊರಡು ಎನ್ನುವ ಹಾಗೆ. ಮೊದಮೊದಲು ನಮಸ್ಕಾರ ಎಂದುಕೊಂಡೆ, ಆಮೇಲೆ ಹಂಗಿಸುತ್ತಿದ್ದಾನೆ ಎಂದುಕೊಂಡೆ, ಎದುರಿಗೆ ಬರುವುದು ಕಂಡರೆ ಬೀದಿ ದಾಟುತ್ತಿದ್ದೆ, ಆಚೆ ಬದಿಗೂ ಕೈ ಏಳುತ್ತಿತ್ತು. ನಿದ್ದೆಯಲ್ಲಿ ಬರುತ್ತದೆ ಆ ಕೈ, ಟೀ ಬಗ್ಗಿಸುವಾಗ ಆವಿಯ ಆಚೆ ಬರುತ್ತದೆ, ಗುರುವಾರ ಪೆಟ್ಟಿಗೆ ಇಳಿಸುವಾಗ ಎಲ್ಲರೂ ಹಿಡಿಮಣ್ಣು ಹಾಕುತ್ತಿದ್ದಾರೆ, ನನಗೆ ಒಂದೇ ಯೋಚನೆ, ಮುಚ್ಚಳದ ಕೆಳಗೆ ಆ ಬಲಗೈ ಹೇಗಿಟ್ಟಿದ್ದಾರೋ. ಹನ್ನೆರಡು ಜನ ಬಂದಿದ್ದರು. ಪಾಪ, ಒಳ್ಳೆಯವನೇ, ಅದೊಂದು ತಪ್ಪು ಮಾಡಿಬಿಟ್ಟ, ಎಂದು ಬೀಟ್ರಿಸ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಟ್ಯಾಮ್ಸಿನ್ ಬಂದಿರಲಿಲ್ಲ, ಅವನ ಹೆಸರು ಹೇಳಿದರೆ ಎದ್ದು ಹೋಗುತ್ತಾಳೆ.

ಒಂಬತ್ತು, ಈ ಸಲ ನಿಜವಾಗಿ ಒಂಬತ್ತು, ಹಲ್ಲಿನ ಡಾಕ್ಟರು, ಕೆನ್ನೆ ಕೆಂಪಾಗಿ ಏದುಸಿರು ಬಿಡುತ್ತ, ಬಾಡಿಗೆ ಸೈಕಲ್ಲು, ಪ್ಯಾಂಟಿನ ಅಂಚಿಗೆ ಗ್ರೀಸು, ಕ್ಷಮಿಸಿ ಕ್ಷಮಿಸಿ, ನನ್ನಿಂದ ನಿಮಗೆಲ್ಲ ತಡ ಆಯ್ತು, ಏನಿಲ್ಲ ಸಾರ್ ನಿಧಾನಕ್ಕೆ ಹೋಗಿ ಎಡಕ್ಕೆ, ಓ ಇಲ್ಲಿ ಎರಡು ಮೈಲಿ ಅಂತ ಹಾಕಿದಾರಲ್ಲ ನೇರಕ್ಕೆ, ಎಂದು ಮುಂದಿನ ಚಕ್ರ ಅತ್ತ ತಿರುಗಿಸಿಯೇಬಿಟ್ಟ, ಎಡಕ್ಕೆ ಎಂದು ಕಿರುಚಿದೆ, ನನಗೇ ಗೊತ್ತಿಲ್ಲದ ಗಂಟಲಿನಲ್ಲಿ, ಬೆದರಿ ಎಡಕ್ಕೆ ಹೋದ ಪಾಪ, ತಿರುಗಿ ತಿರುಗಿ ನೋಡುತ್ತ. ಇಷ್ಟು ಸುಲಭ ನೋಡು, ಒಂದು ಮಾತು ಸಾಕಿತ್ತು, ಒಬ್ಬಳು ನಿಂತಿದ್ದರೆ ಸಾಕಿತ್ತು. ಹೇಜಲ್ ಇಲ್ಲಿ ಬಂದು ಬ್ರೇಕು ಹಿಡಿದಿರಬೇಕು, ಅವಳ ಬ್ರೇಕು ಹಂದಿಮರಿಯ ಹಾಗೆ ಕಿರುಗುಟ್ಟುತ್ತಿತ್ತು, ಮಾರ್ಜ್ ಎಂದು ಕರೆದಿರಬೇಕು, ಮರದ ಹಿಂದೆ ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡು ನಕ್ಕಿರಬೇಕು, ಮಾರ್ಜ್ ಬಾ ಸಾಕು ಆಟ, ಆಮೇಲೆ ಕೈಮರ ನೋಡಿರಬೇಕು, ಎರಡು ಮೈಲಿ, ಅಕ್ಕ ಸಿಟ್ಟಾಗಿ ಹೋಗಿದ್ದಾಳೆ, ಬೇಗ ಹೋಗಿ ಸಮಾಧಾನ ಮಾಡಬೇಕು, ಹತ್ತಿರದ ದಾರಿ — ಬೇಗ ಹೋದಳು, ಜೀವನದಲ್ಲಿ ಮೊದಲ ಸಲ ಬೇಗ. ಸಾಕು. ಆ ಸಾಲು ನಾನು ಬರೆಯಲಾರೆ. ಬರೆದುಕೊಟ್ಟರೆ ಮಂಗಳವಾರ ಅಚ್ಚಾಗುತ್ತದೆ, ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ, ಬಂದ ಬಂದವರೆಲ್ಲ ಓದುತ್ತಾರೆ, ಸತ್ತವನು ಎದ್ದು ಬಂದು ಅಲ್ಲ ಎನ್ನುವುದಿಲ್ಲ, ಬದುಕಿದ್ದಾಗಲೇ ಅನ್ನಲಿಲ್ಲ. ಬರೆಯುವುದಿಲ್ಲ ಎಂದರೆ ಯಾಕೆ ಆಂಟಿ ಎನ್ನುತ್ತಾಳೆ. ಭಾನುವಾರ ಮಧ್ಯಾಹ್ನ ರೋಸ್ಟ್ ಊಟಕ್ಕೆ ಬರುವವಳು ಅವಳೊಬ್ಬಳೇ, ನನ್ನ ಮಾತ್ರೆಯ ಡಬ್ಬಿ ತುಂಬಿಸಿಡುವವಳು ಅವಳೊಬ್ಬಳೇ, ಅವಳ ನಗು ಥೇಟು ಅವಳಮ್ಮನದು, ಅದೂ ಹೋದರೆ ನನಗೆ ಈ ಭೂಮಿಯ ಮೇಲೆ ಇನ್ನು ಯಾರೂ ಇಲ್ಲ. ಲಯನೆಲ್‌ಗೆ ಯಾರಿದ್ದರು.

ಹಳದಿ ಕಂಡಿತು. ಬೇಲಿಯ ಮೇಲುಗಡೆ ಹಳದಿ ಪಟ್ಟಿ ತೇಲಿಕೊಂಡು ಬರುತ್ತಿದೆ, ಟ್ಯಾಮ್ಸಿನ್, ಒಂದು ಕೈಯಲ್ಲಿ ಬಾಳೆಹಣ್ಣು ತಿನ್ನುತ್ತ, ನನ್ನ ಮುಂದೆ ನಿಲ್ಲಿಸಿ ಸಿಪ್ಪೆ ಜೇಬಿಗೆ ತುರುಕಿದಳು, ಇನ್ನೂ ಇಲ್ಲೇ ಇದ್ದೀಯಲ್ಲ ಆಂಟಿ ಪಾಪ, ಆ ಮನುಷ್ಯನಿಗೆ ಹಲ್ಲು ಕೀಳೋಕೆ ಬರುತ್ತೆ, ಚೈನು ಹಾಕೋಕೆ ಬರಲ್ಲ, ನೋಡು ನನ್ನ ಕೈ ಎಲ್ಲ ಮಸಿ, ಎಂದು ನಕ್ಕಳು, ನಗುತ್ತಲೇ ಬಲಗೈ ಎತ್ತಲು ಹೋದಳು, ಬೇಡ, ಎಂದೆ, ಈಗಲೇ ಎತ್ತಬೇಡ. ಯಾಕೆ, ಏನಾಯ್ತು, ತಲೆ ಸುತ್ತುತ್ತಿದೆಯಾ, ಕೂತ್ಕೋ. ಲಯನೆಲ್ ಬಂದಾಗ ಇಲ್ಲಿ ಯಾರೂ ಇರಲಿಲ್ಲ ಟ್ಯಾಮ್ಸಿನ್. ಎಷ್ಟು ಸಣ್ಣ ಮಾತು, ಹನ್ನೊಂದು ವರ್ಷ ಹೊತ್ತದ್ದು, ಬಾಯಿಂದ ಇಳಿದರೆ ಒಂದು ಉಸಿರಿನಷ್ಟೂ ಇಲ್ಲ. ಅಂದ್ರೆ, ಎಂದಳು. ನಾನು ಹೊರಟುಹೋಗಿದ್ದೆ, ಅವನು ಬರೋಕ್ಕೆ ಮೊದಲೇ, ವಿಚಾರಣೇಲಿ ಹೇಳಿದ್ದು ಸುಳ್ಳು, ನಂದೂ ಸುಳ್ಳು, ಅವನದೂ ಸುಳ್ಳು, ನನಗೋಸ್ಕರ ಹೇಳಿದ. ಬಾನಾಡಿ ಇನ್ನೂ ಬಡಬಡಿಸುತ್ತಲೇ ಇದೆ, ಯಾರಾದರೂ ಅದರ ಬಾಯಿ ಮುಚ್ಚಿಸಬಾರದೇ. ಮಳೆ ಜೋರಾಗಿತ್ತಲ್ವಾ ಆಂಟಿ, ಎಂದಳು ಟ್ಯಾಮ್ಸಿನ್, ಮೆಲ್ಲಗೆ, ನನಗೆ ಹಗ್ಗ ಎಸೆಯುತ್ತಿದ್ದಾಳೆ, ಹೌದು ಎಂದರೆ ಮುಗಿಯಿತು, ಮುದುಕಿ, ಮಳೆ, ಚಳಿ, ಯಾರಾದರೂ ಕ್ಷಮಿಸುತ್ತಾರೆ, ಹೌದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಮಳೆಗಲ್ಲ, ಎಂದೆ. ಸಿಟ್ಟಿಗೆ. ನಿಮ್ಮಮ್ಮ ಯಾವಾಗ್ಲೂ ತಡ ಮಾಡ್ತಾಳೆ ಅಂತ, ಒಂದು ಸಲ ಬುದ್ಧಿ ಬರಲಿ ಅಂತ.

ಅವಳು ಕೈಮರ ನೋಡಿದಳು, ನೇರ ಹೋಗುವ ದಾರಿ ನೋಡಿದಳು, ಬೆರಳಿನ ಮಸಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತಳು, ಗುರುವಾರ ನಾನು ಹಿತ್ತಲಲ್ಲಿ ಗಿಡ ನೆಡ್ತಿದ್ದೆ, ಎಂದಳು ಯಾರಿಗೋ ಹೇಳುವ ಹಾಗೆ, ಚರ್ಚಿನ ಗಂಟೆ ಹೊಡೀತಿತ್ತು, ಕೇಳಿಸಬಾರದು ಅಂತ ರೇಡಿಯೋ ಜೋರು ಮಾಡಿದೆ. ಟ್ಯಾಮ್ಸಿನ್, ಎಂದೆ. ಒಂದು ಸಲ ಅವರು ನಮ್ಮ ಮನೆ ಬಾಗಿಲಿಗೆ ಬಂದಿದ್ರು, ಒಂದು ಬುಟ್ಟಿ ಹುರುಳಿಕಾಯಿ ಹಿಡ್ಕೊಂಡು, ನಾನು ಬಾಗಿಲು ಮುಖಕ್ಕೆ ಹಾಕಿದೆ, ಬುಟ್ಟಿ ಮೆಟ್ಟಿಲ ಮೇಲೇ ಇತ್ತು ಎರಡು ದಿನ. ಟ್ಯಾಮ್ಸಿನ್, ಎಂದೆ ಮತ್ತೆ, ಅವಳು ಕಾಲೆತ್ತಿ ಪೆಡಲಿನ ಮೇಲಿಟ್ಟಳು, ಸೀಟಿನ ಮೇಲೆ ಕೂತಳು, ನನ್ನನ್ನು ದಾಟಿಕೊಂಡು ಎಡಕ್ಕೆ ತಿರುಗಿದಳು, ಹಳದಿ ಪಟ್ಟಿ ಬೆನ್ನ ಮೇಲೆ, ಹ್ಯಾಂಡಲಿನ ಮೇಲೆ ಎರಡೂ ಕೈ. ಈಗ ಎತ್ತುತ್ತಾಳೆ, ಇಳಿಜಾರು ಮುಗಿದ ಮೇಲೆ ಎತ್ತುತ್ತಾಳೆ, ಹಿಂದಕ್ಕೆ ತಿರುಗದೆಯೂ ಎತ್ತಬಹುದು, ಬಾಗಿದ ಆ ಮರದ ಹತ್ತಿರ ಎತ್ತುತ್ತಾಳೆ, ಮರ ದಾಟಿತು, ದನದ ಗೇಟು ದಾಟಿತು, ಎರಡೂ ಕೈ, ತಿರುವು ಬಂತು, ಇನ್ನೇನು ಕಾಣದಾಗುತ್ತಾಳೆ, ನಾನು ಸೈಕಲ್ ಹಿಡಿದು ಒಂದು ಹೆಜ್ಜೆ ಇಟ್ಟೆ, ನಿಂತೆ, ಎತ್ತಿಲ್ಲವಲ್ಲ, ಇನ್ನೂ ಎತ್ತಿಲ್ಲವಲ್ಲ, ತಿರುವಿನಲ್ಲಿ ಹಳದಿ ಒಂದು ಕ್ಷಣ ನಿಂತ ಹಾಗೆ ಕಂಡಿತು, ಎರಡೂ ಕೈ ಹ್ಯಾಂಡಲಿನ ಮೇಲೆ, ಎರಡೂ ಕೈ, ಎರಡೂ.